‘ನ್ಯೂಯೋರಿಕನ್’ ಶಬ್ದದ ವ್ಯುತ್ಪತ್ತಿವಿಚಾರ

ಪ್ವೆರ್ಟೊ ರಿಕೊ ದ್ವೀಪದಿಂದ ನ್ಯೂಯಾರ್ಕ್ ನಗರಕ್ಕೆ ಹೋಗಿ ನೆಲಸಿದವರಿಗೂ ಅವರ ಸಂತತಿಗೂ ಇಂಗ್ಲಿಷಿನಲ್ಲಿ ‘ನ್ಯೂಯೋರಿಕನ್’ ಎಂಬ ಹೆಸರು ರೂಢವಾಗಿದೆ. ನಗರದ ಹೆಸರೂ ‘ಪ್ವೆರ್ಟೊ ರಿಕನ್’ ಎಂಬುದೂ ಕೂಡಿ ಈ ಪದವಾಯಿತೆಂದು ಹೇಳಿ ಮುಗಿಸುವುದು ಸಾಮಾನ್ಯ ಪದ್ಧತಿ. ಅದು ತಪ್ಪಲ್ಲ, ಆದರೆ ಯಾವ ವರ್ಣವು ಏಕೆ ಲೋಪವಾಯಿತೆಂಬುದನ್ನು ಹೇಳದ ವ್ಯುತ್ಪತ್ತಿ ಅರ್ಧವ್ಯುತ್ಪತ್ತಿಯೇ ಸರಿ.

ಪೂರ್ವಪದದ ಕಡೆಯ ಕಕಾರವು ಬಿದ್ದುಹೋದುದು ಸ್ಪ್ಯಾನಿಷ್ ನಾಲಗೆಗೆ ಸಹಜವಾದುದು. ಆ ಭಾಷೆಯ ಸ್ವಂತ ಪದಗಳು ‘ರ್ಕ್’ ಎಂಬ ಒತ್ತಿನಲ್ಲಿ ಮುಗಿಯುವುದಿಲ್ಲ. ಉಳಿದ ‘ನ್ಯೂಯೋರ್’ ಎಂಬುದರ ಅಂತ್ಯರೇಫವೂ ‘ರಿಕನ್’ ಎಂಬುದರ ಆದಿರೇಫವೂ ಸೇರಿ ಒಂದೇ ರೇಫವಾಗಿ ನಿಂತಿವೆ. ಪೂರ್ವಪರಗಳೆರಡಕ್ಕೂ ಏಕಾದೇಶವನ್ನು ವಿಧಿಸಿ, ಅದನ್ನು ಪೂರ್ವದ ಅಂತವೆಂದೂ ಪರದ ಆದಿಯೆಂದೂ ಭಾವಿಸತಕ್ಕದ್ದೆಂದು ಪಾಣಿನೀಯರು ಹೇಳುವರಷ್ಟೆ. ಅಲ್ಲಿ ಆ ವಿಧಿಯು ಮುಖ್ಯವಾಗಿ ಸ್ವರಗಳಿಗೆ ಸಲ್ಲುವುದಾದರೂ ಅದರ ನ್ಯಾಯವು ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಈ ರೇಫವು ನಗರದ್ದೋ ದ್ವೀಪದ್ದೋ ಎಂದು ಕೇಳಿದರೆ ಎರಡರದೂ ಹೌದೆನ್ನಬೇಕು.

ಉತ್ತರಪದದಲ್ಲಿ ರೇವು ಎಂಬರ್ಥದ ‘ಪ್ವೆರ್ಟೊ’ ಲೋಪಿಸಿ, ಸಂಪನ್ನ ಎಂಬರ್ಥದ ‘ರಿಕೊ’ ಮಾತ್ರ ಉಳಿದಿದೆ. ಸತ್ಯಭಾಮೆಯನ್ನು ಭಾಮೆಯೆಂದಂತೆ ಇದು. ಕಾರ್ಖಾನೆಯ ಕೂಲಿಗಾಗಿ ಬಂದ ಜನಕ್ಕೆ ಸಂಪನ್ನವಾಚಕವೇ ಉಳಿದುದು ವಿನೋದವೆನಿಸಿದರೂ, ರೂಢಿಯೆದುರು ಯೋಗಾರ್ಥಕ್ಕೆ ಬಲವಿಲ್ಲ.

ವಿಚಾರಾರ್ಹವಾದ ಪಕ್ಷಾಂತರವೊಂದುಂಟು. ಹೈಮೆ ಕರೆರೊ ಎಂಬ ಕವಿಯು 1964ರಲ್ಲಿಯೇ ತನ್ನ ಕೃತಿಯ ಹೆಸರಿನಲ್ಲಿ ‘ನಿಯೊ-ರಿಕನ್’ ಎಂಬ ರೂಪವನ್ನು ಪ್ರಯೋಗಿಸಿದ್ದಾನೆ. ‘ನಿಯೊ’ ಎಂಬುದು ನವಾರ್ಥಕವಾದ ಗ್ರೀಕ್ ಪದಾಂಶ. ಪ್ರಕೃತ ಶಬ್ದವೂ ಅದರ ವಿಕಾರವೇ ಎನ್ನುವುದಾದರೆ ಇವರು ಕೇವಲ ‘ಹೊಸ ರಿಕನ್ನರು’, ಎಂದರೆ ದ್ವೀಪದವರ ರೂಪಾಂತರವೆಂದಾಗುವುದು. ಆದರೆ ‘ಯೋ’ ಎಂಬ ಅಕ್ಷರವು ಈ ಪಕ್ಷಕ್ಕೆ ಬಾಧಕವಾಗಿದೆ. ಯಾರ್ಕ್ ಶಬ್ದವನ್ನು ಒಪ್ಪದೆ ಅಲ್ಲಿಯ ಯಕಾರಕ್ಕೆ ಗತಿಯಿಲ್ಲ. ನಗರನಾಮದಲ್ಲಿಯೂ ನವಾರ್ಥವಿದೆಯಲ್ಲವೆ ಎಂದರೆ, ಇದೆ; ಆದರೆ ಅದು 1664ರಲ್ಲಿ ಯಾರ್ಕಿನ ಡ್ಯೂಕನ ಹೆಸರಿನಿಂದ ಬಂದ ಯಾರ್ಕ್ ಶಬ್ದಕ್ಕೆ ವಿಶೇಷಣವೇ ಹೊರತು ಈ ಜನಕ್ಕಲ್ಲ. ಆದುದರಿಂದ ‘ನಿಯೊ-ರಿಕನ್’ ಎಂಬುದನ್ನು ಸಮಾನಾರ್ಥಕವಾದ ಬೇರೆ ಶಬ್ದವೆಂದೆಣಿಸುವುದೇ ಯುಕ್ತ.

ಈ ಜನಕ್ಕೆ 1917ರಿಂದ ಅಮೆರಿಕದ ಪೌರತ್ವವಿದ್ದರೂ, ಸ್ಪ್ಯಾನಿಷ್ ಕೆಟ್ಟವರೆಂದು ದ್ವೀಪದವರು ಈ ಹೆಸರಿನಿಂದ ಹಳಿಯುತ್ತಿದ್ದುದುಂಟು. ಮಿಗೆಲ್ ಅಲ್ಗರೀನ್ ಮೊದಲಾದವರು 1973ರ ಸುಮಾರಿಗೆ ತಮ್ಮ ಕವಿಗೋಷ್ಠಿಗೆ ಅದನ್ನೇ ಇಟ್ಟರು. ಅಲ್ಗರೀನ್ ಮತ್ತು ಮಿಗೆಲ್ ಪಿನ್ಯೇರೊ 1975ರಲ್ಲಿ ಪ್ರಕಟಿಸಿದ ಕವಿತಾಸಂಕಲನದ ಶಿರೋನಾಮವೂ ಅದೇ. ಭಿನ್ನಭಾಷಾಪದಗಳ ಈ ಬೆರಕೆಯನ್ನು ಕನ್ನಡ ವೈಯಾಕರಣನು ಅರಿಸಮಾಸವೆಂದು ದೂಷಿಸಬಹುದು. ಆದರೆ ಬಿರುದಾವಳಿಯಲ್ಲಿ ಅರಿಸಮಾಸವು ದೋಷವಲ್ಲವೆಂದು ಕೇಶಿರಾಜನೇ ವಿನಾಯಿತಿಯಿತ್ತಿದ್ದಾನೆ. ಬೈಗುಳವಾಗಿದ್ದ ಈ ಶಬ್ದವೂ ಈಗ ಬಿರುದೇ ಆಗಿದೆ.