ಯಂತ್ರದ ಚಕ್ಕುಬಂದಿ

ಶ್ರೀನಿವಾಸಪುರದ ಮಾವಿನ ತೋಪೊಂದರ ಕ್ರಯಪತ್ರ ಬಿಡಿಸಿದರೆ ಅದರಲ್ಲಿ ಚಕ್ಕುಬಂದಿ ಇರುತ್ತದೆ: ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಗಾಡಿದಾರಿ. ಬರೆದವರು ಒಬ್ಬರು, ಎಷ್ಟೋ ವರ್ಷದ ಮೇಲೆ ಓದುವವರು ಇನ್ನೊಬ್ಬರು. ಲಿನಕ್ಸ್ ಓಡುವ ಆರ್ಮ್ ಪ್ರೊಸೆಸರಿನ ಬೋರ್ಡುಗಳಿಗೂ ಇಂಥದೇ ಪತ್ರವಿದೆ, ಹೆಸರು ಡಿವೈಸ್ ಟ್ರೀ. ಮೆಮೊರಿ ಯಾವ ವಿಳಾಸದಿಂದ ಶುರು, ಸೀರಿಯಲ್ ಪೋರ್ಟ್ ಎಲ್ಲಿದೆ, ಅದಕ್ಕೆ ಕರೆಂಟು ಎಲ್ಲಿಂದ ಎಂಬುದೆಲ್ಲ ಅದರಲ್ಲಿರುತ್ತದೆ. ಯು-ಬೂಟ್‌ನಂಥ ಫರ್ಮ್‌ವೇರ್ ಅದನ್ನು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಕೈಗಿಟ್ಟು ಬದಿಗೆ ಸರಿಯುತ್ತದೆ. ಮೊದಲು ಈ ವಿವರಗಳು ಬೋರ್ಡಿಗೊಂದರಂತೆ ಕರ್ನಲ್‌ನೊಳಗೇ ತುಂಬಿಕೊಂಡಿದ್ದವು. 2011ರಲ್ಲಿ ಲಿನಕ್ಸ್‌ನ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಇದಕ್ಕೆ ಸಿಡಿಮಿಡಿಗೊಂಡ ಮೇಲೆ ಅವು ಹೊರಬರತೊಡಗಿದವು. 2012ರ ಡಿಸೆಂಬರಿನ 3.7 ಆವೃತ್ತಿಯಿಂದ ಒಂದೇ ಕರ್ನಲ್ ಹಲವು ಬಗೆಯ ಆರ್ಮ್ ಬೋರ್ಡುಗಳನ್ನು ಎಬ್ಬಿಸತೊಡಗಿತು. ಈ ಲಾಭವೆಲ್ಲ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಪತ್ರದ ಮಾತಿಗೆ ನಾಳೆ ಬೇರೆ ಅರ್ಥ ಬರಬಾರದು.

ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಜೋಡಣೆಯಾಗುವ ಐಫೋನಿನಲ್ಲಿ ಪತ್ರದ ಅರ್ಥ ಬದಲಾಯಿತೆಂಬ ತಕರಾರು ಏಳುವುದಿಲ್ಲ. ಅದರ ಫರ್ಮ್‌ವೇರೂ ಕರ್ನಲ್ಲೂ ಒಂದೇ ಕಂಪನಿಯವು, ಒಟ್ಟಿಗೇ ಬದಲಾಗುತ್ತವೆ. ಲಿನಕ್ಸ್‌ನಲ್ಲಿ ಬೋರ್ಡು ಮಾಡುವವರು ಬೇರೆ, ಕರ್ನಲ್ ಕೊಡುವವರು ಬೇರೆ. ಬೋರ್ಡಿನ ಹೊಸ ವಿವರಣೆಯಲ್ಲಿ ಮೆಮೊರಿ ಕಾರ್ಡಿನ ಭಾಗಕ್ಕೆ ಹೊಸದೊಂದು ಪವರ್ ಡೊಮೇನ್, ಅಂದರೆ ಕರೆಂಟು ಒಟ್ಟಿಗೆ ಹತ್ತಿ ಆರುವ ವಿಭಾಗ, ಕಟ್ಟಿದರೆ, ಅದರ ಡ್ರೈವರ್ ಇಲ್ಲದ ಹಳೆಯ ಕರ್ನಲ್ ಕಾಯುತ್ತಲೇ ಕೂರಬಹುದು. ಡಿಸ್ಕ್ ಸಿಗದೆ ಬೂಟ್ ಅರ್ಧಕ್ಕೇ ನಿಲ್ಲುತ್ತದೆ. ಹಾಗಾದರೆ ವಿವರಣೆಯನ್ನು ಕರ್ನಲ್ ಜೊತೆಗೇ ಕಳಿಸಿದರಾಯಿತಲ್ಲ ಎನ್ನುವವರಿದ್ದಾರೆ. ಬಹಳ ಕಡೆ ಹಾಗೆಯೇ ನಡೆಯುತ್ತಿದೆ, ಕೆಲಸವೂ ಸಾಗುತ್ತಿದೆ. ಆದರೆ ಆಗ ಕರ್ನಲ್ ಕೊಡುವವರು ಪ್ರತಿಯೊಂದು ಬೋರ್ಡಿನ ಕಡತವನ್ನೂ ಹೊರಬೇಕು; ಅವರು ಕಂಡಿರದ ಬೋರ್ಡು ಅವರ ಕರ್ನಲ್‌ನಿಂದ ಏಳುವುದೇ ಇಲ್ಲ. ಬಿಟ್ಟುಬಂದ ಹೊರೆಯನ್ನೇ ಮತ್ತೆ ತಲೆಗೇರಿಸಿಕೊಂಡಂತೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಮೊದಲ ವಿವರಣೆಯಲ್ಲಿ ತಪ್ಪಿದ್ದರೆ ಅದನ್ನೇ ಎಂದೆಂದಿಗೂ ಕಾಪಾಡಬೇಕೆ? ತಿದ್ದುವುದು ಬೇಡವೆಂದಲ್ಲ, ತಿದ್ದುವ ಕ್ರಮ ಬೇಕು. ಹೊಸ ಗುಣವನ್ನು ಐಚ್ಛಿಕವಾಗಿ ಸೇರಿಸಿ, ಅದು ಇಲ್ಲದಿದ್ದಾಗ ಡ್ರೈವರ್ ಹಿಂದಿನಂತೆಯೇ ನಡೆಯಲಿ. 'ಕಂಪ್ಯಾಟಿಬಲ್' ಸಾಲಿನಲ್ಲಿ ಹೊಸ ಚಿಪ್ಪಿನ ಹೆಸರಿನ ನಂತರ, ಅದಕ್ಕೆ ಹೊಂದುವ ಹಳೆಯ ಚಿಪ್ಪಿನ ಹೆಸರೂ ಇರಲಿ. ಹೊಸದನ್ನರಿಯದ ಕರ್ನಲ್ ಹಳೆಯದನ್ನು ಹಿಡಿದಾದರೂ ಎದ್ದೀತು. ಇದಕ್ಕೆ ಡ್ರೈವರಿನಲ್ಲಿ ನಾಲ್ಕು ಸಾಲು ಹೆಚ್ಚಾಗಬಹುದು; ಏಳದ ಬೋರ್ಡಿನ ಮುಂದೆ ಅದು ದುಬಾರಿಯಲ್ಲ. ನೋಂದಣಿಯಾದ ಕ್ರಯಪತ್ರದಲ್ಲಿ ತಪ್ಪು ಕಂಡರೆ ಯಾರೂ ಅದನ್ನು ಗೀಚಿ ಬರೆಯುವುದಿಲ್ಲ. ತಿದ್ದುಪಡಿ ಪತ್ರ ಬರೆದು ಜೊತೆಗಿಡುತ್ತಾರೆ. ಮೂಲ ಪತ್ರವನ್ನು ನಂಬಿ ಹಣ ಕೊಟ್ಟವರು ಇರುತ್ತಾರೆ ಎಂಬ ಎಚ್ಚರ ಅದು. ಬೋರ್ಡು ಕೊಂಡವರಿಗೂ ಆ ಎಚ್ಚರ ಸಲ್ಲಬೇಕು.