ಹಕ್ಸ್ಲಿಯ ಸುಖರಾಜ್ಯದಲ್ಲಿ ಕರುಣರಸ

ಆಲ್ಡಸ್ ಹಕ್ಸ್ಲಿ ಎಂಬ ಆಂಗ್ಲ ಗ್ರಂಥಕರ್ತನು 1932ರಲ್ಲಿ ಪ್ರಕಟಿಸಿದ ‘ಬ್ರೇವ್ ನ್ಯೂ ವರ್ಲ್ಡ್’ ಎಂಬ ಕಾದಂಬರಿಯನ್ನು ಓದುವ ಸಂಸ್ಕೃತಾಭ್ಯಾಸಿಗೆ ಅಲ್ಲಿ ಪರಿಚಿತವಾದ ಒಂದು ಹೆಸರು ಎದುರಾಗಿ ಬೆರಗನ್ನುಂಟುಮಾಡುತ್ತದೆ. ಆ ಹೆಸರು ಸೋಮ. ಋಗ್ವೇದದ ಒಂಬತ್ತನೆಯ ಮಂಡಲವು ಯಾವ ಪವಮಾನಸೋಮನ ಸ್ತುತಿಗೆ ಮೀಸಲಾಗಿದೆಯೋ ಆ ಸೋಮನ ಹೆಸರನ್ನು ಹಕ್ಸ್ಲಿಯು ಒಂದು ಗುಳಿಗೆಗೆ ಇಟ್ಟಿದ್ದಾನೆ. ಹೆಸರು ವೇದದಿಂದ ಬಂದುದೆಂಬುದನ್ನು 1958ರ ತನ್ನ ಇನ್ನೊಂದು ಪುಸ್ತಕದಲ್ಲಿ ಅವನೇ ಒಪ್ಪಿಕೊಂಡಿದ್ದಾನೆ. ಆದರೆ ಹೆಸರೊಂದೇ ಆದರೂ ಗುಣಗಳು ಎದುರುಬದುರು. ಕಲ್ಲಿನಿಂದ ಅರೆದು, ಉಣ್ಣೆಯಲ್ಲಿ ಸೋಸಿ, ಹಾಲಿನೊಡನೆ ಬೆರಸಿ ದೇವತೆಗಳಿಗೆ ಅರ್ಪಿಸುತ್ತಿದ್ದ ಆ ರಸವು ಋಷಿಯ ಮಾತನ್ನು ಎಚ್ಚರಿಸುವಂಥದು. ಸೋಮನನ್ನು ಕವಿಯೆಂದೇ ಋಷಿಗಳು ಕರೆದರು. ಹಕ್ಸ್ಲಿಯ ಸೋಮವಾದರೋ ಮಾತನ್ನು ಮಲಗಿಸುತ್ತದೆ. ಮನಸ್ಸಿಗೆ ಕಿಂಚಿತ್ತು ಕ್ಲೇಶವುಂಟಾಯಿತೆಂದರೆ ಒಂದು ಗುಳಿಗೆ. ಕ್ಲೇಶವೂ ಹೋಯಿತು, ಅದರೊಡನೆ ಹೇಳಬೇಕಾದುದೂ ಹೋಯಿತು.

ಕಥೆ ನಡೆಯುವುದು ಫೋರ್ಡ್ ಶಕೆ 632ರಲ್ಲಿ. ಅಮೆರಿಕದ ಮೋಟಾರು ತಯಾರಕನಾದ ಹೆನ್ರಿ ಫೋರ್ಡನು 1908ರಲ್ಲಿ ತನ್ನ ‘ಮಾಡೆಲ್ ಟಿ’ ಗಾಡಿಯನ್ನು ಹೊರತಂದನಷ್ಟೆ. ಆ ವರ್ಷದಿಂದ ಶಕೆಯ ಎಣಿಕೆ. ಗಾಡಿಗಳು ಕಾರ್ಖಾನೆಯಲ್ಲಿ ಹುಟ್ಟುವಂತೆಯೇ ಅಲ್ಲಿ ಮಕ್ಕಳೂ ಸೀಸೆಗಳಲ್ಲಿ ಹುಟ್ಟುತ್ತಾರೆ. ಒಂದೇ ಅಂಡವನ್ನು ಒಡೆಯಿಸಿ 96ರವರೆಗೆ ಒಂದೇ ಮುಖದ ಅವಳಿಗಳನ್ನು ಪಡೆಯಬಹುದು. ಆಲ್ಫಾ ಮೊದಲಾಗಿ ಎಪ್ಸಿಲಾನ್ ಕಡೆಯಾಗಿ ಐದು ವರ್ಗಗಳು. ಯಾರು ಯಾವ ವರ್ಗಕ್ಕೆ ಎಂಬುದು ಸೀಸೆಯಲ್ಲಿರುವಾಗಲೇ ನಿರ್ಣೀತ. ನಿದ್ರಿಸುವ ಮಗುವಿನ ಕಿವಿಯಲ್ಲಿ ಒಂದೇ ವಾಕ್ಯವನ್ನು ಸಾವಿರಾರು ಸಲ ಜಪಿಸಿ ತನ್ನ ಪಾಡೇ ಲೇಸೆಂಬ ನಂಬಿಕೆಯನ್ನು ಬೆಳೆಸುತ್ತಾರೆ. ತಾಯಿ ಎಂಬ ಶಬ್ದ ಅಲ್ಲಿ ಅಶ್ಲೀಲ. ತಂದೆ ಎಂಬುದು ನಗೆಗೀಡು.

ಇಂತಹ ರಾಜ್ಯಕ್ಕೆ, ನ್ಯೂ ಮೆಕ್ಸಿಕೋ ಪ್ರಾಂತದ ಮೂಲನಿವಾಸಿಗಳ ಮೀಸಲು ಸೀಮೆಯಲ್ಲಿ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಷೇಕ್ಸ್‌ಪಿಯರನ ಒಂದು ಸಂಪುಟವನ್ನೇ ಗುರುವಾಗಿ ಪಡೆದು ಬೆಳೆದ ಜಾನ್ ಎಂಬ ತರುಣನು ಬರುತ್ತಾನೆ. ಜನ ಅವನನ್ನು ಕಾಡುಮನುಷ್ಯನೆಂದು ಕರೆಯುವರು. ಅವನ ತಾಯಿ ಲಿಂಡಾ ಸೋಮವನ್ನು ಮಿತಿಮೀರಿ ಸೇವಿಸಿ ಆಸ್ಪತ್ರೆಯಲ್ಲಿ ಸಾಯುವ ಸಂದರ್ಭವು ಗ್ರಂಥದ ಮರ್ಮಸ್ಥಾನವೆನ್ನಬೇಕು. ಸಾಯುವವರಿಗಾಗಿಯೇ ಕಟ್ಟಿಸಿದ ಆ ಆಸ್ಪತ್ರೆಯಲ್ಲಿ ಸುಗಂಧವಿದೆ, ಸಂಗೀತವಿದೆ, ಚಲಿಸುವ ಚಿತ್ರಗಳಿವೆ; ಅಳುವವರು ಮಾತ್ರ ಇಲ್ಲ. ಜಾನನು ತಾಯಿಯ ಕೈಹಿಡಿದು ಕುಳಿತಿರಲು ಒಂದೇ ಮುಖದ ಮಕ್ಕಳ ಗುಂಪೊಂದು, ಮರಣಕ್ಕೆ ಅಂಜದಿರುವ ಪಾಠಕ್ಕಾಗಿ ಕರೆತಂದುದು, ಮಂಚವನ್ನು ಸುತ್ತುಗಟ್ಟಿ ಈಕೆ ಏಕೆ ಇಷ್ಟು ದಪ್ಪಗಿದ್ದಾಳೆಂದು ಕೇಳುತ್ತದೆ. ಪ್ರಾಣೋತ್ಕ್ರಮಣವಾಗಿ ಮಗನು ಮೊಣಕಾಲೂರಿ ಬಿಕ್ಕಿದಾಗ ದಾದಿಗೆ ಉಂಟಾಗುವುದು ಮರುಕವಲ್ಲ, ಗಾಬರಿ. ಈ ಅಳುವನ್ನು ಕಂಡು ಮಕ್ಕಳು ಮರಣವನ್ನು ಭಯಂಕರವೆಂದು ತಿಳಿದುಬಿಟ್ಟರೆ ಇಷ್ಟು ದಿನದ ಪಾಠವೆಲ್ಲ ವ್ಯರ್ಥವಲ್ಲವೆ? ಆಕೆ ಅವಸರವಸರವಾಗಿ ಮಕ್ಕಳಿಗೆ ಚಾಕೊಲೇಟಿನ ತಿಂಡಿಯನ್ನು ಹಂಚುವಳು. ದಾದಿಯಲ್ಲಿ ಕ್ರೌರ್ಯವಿಲ್ಲ, ಆಕೆ ಕರ್ತವ್ಯನಿಷ್ಠೆಯುಳ್ಳ ಒಳ್ಳೆಯ ಹೆಂಗಸು. ಆದುದರಿಂದಲೇ ವಾಚಕನ ಎದೆ ನಡುಗುತ್ತದೆ.

ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಇಲ್ಲಿ ಒಂದು ಪ್ರಶ್ನೆ ಏಳದಿರದು. ವಿಭಾವವಿದೆ, ಅನುಭಾವವಿದೆ, ನೋಡುತ್ತಿರುವ ಮಕ್ಕಳಲ್ಲಿ ಶೋಕವೆಂಬ ಸ್ಥಾಯಿಯೇ ಇಲ್ಲ. ವಾಸನೆಯಿಲ್ಲದವನಿಗೆ ರಸಾಸ್ವಾದವಿಲ್ಲವೆಂಬುದು ಅಭಿನವಗುಪ್ತಾದಿಗಳು ಒಪ್ಪಿದ ಮಾತು. ಹಕ್ಸ್ಲಿಯು ಆ ಶಾಸ್ತ್ರವನ್ನು ಓದಿ ಬರೆದನೆಂದು ಹೇಳಬೇಕಾಗಿಲ್ಲ. ಆದರೂ ಅದೇ ಸಿದ್ಧಾಂತವನ್ನು ಹೆಲ್ಮ್‌ಹೋಲ್ಟ್ಸ್ ವಾಟ್ಸನ್ ಎಂಬ ಪಾತ್ರದಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸಿದ್ದಾನೆ. ಇವನು ಸರಕಾರಕ್ಕೆ ಘೋಷವಾಕ್ಯಗಳನ್ನು ಹೊಸೆದುಕೊಡುವ ಶಬ್ದಪ್ರವೀಣ. ತನ್ನೊಳಗೆ ಹೇಳಬೇಕಾದುದೇನೋ ಇದೆ, ಅದು ಏನೆಂದು ಮಾತ್ರ ತಿಳಿಯದೆಂದು ಕೊರಗುವವನು. ಜಾನನು ಷೇಕ್ಸ್‌ಪಿಯರನ ಪದ್ಯಗಳನ್ನು ಓದಿದಾಗ ಅವನ ಮೈ ಪುಲಕಿಸುತ್ತದೆ. ಆದರೆ ಜೂಲಿಯೆಟ್ಟಳು ಒಲ್ಲದ ಮದುವೆಯನ್ನು ತಪ್ಪಿಸೆಂದು ತಾಯಿಯನ್ನು ಅಂಗಲಾಚುವ ಭಾಗ ಬಂದೊಡನೆ ಅವನು ತಡೆಯಲಾರದೆ ನಕ್ಕುಬಿಡುತ್ತಾನೆ. ಜಾನನು ಪುಸ್ತಕವನ್ನು ಮುಚ್ಚಿ ಒಳಗಿಡುತ್ತಾನೆ. ಭವಭೂತಿಯ ‘ಉತ್ತರರಾಮಚರಿತ’ವನ್ನು ಆ ನಗರದಲ್ಲಿ ಆಡಿದರೆ ಏನಾದೀತೆಂಬುದನ್ನು ಊಹಿಸಬಹುದು. ಹೆಂಡತಿಯೆಂದರೇನು, ಮಕ್ಕಳೆಂದರೇನು, ಅಗಲಿಕೆಯೆಂದರೇನು ಎಂಬುದನ್ನರಿಯದ ಸಭೆಗೆ ರಾಮನ ಮೂರ್ಛೆ ಹಾಸ್ಯವಾಗದೆ ಮತ್ತೇನಾದೀತು? ಕ್ರೌಂಚದ ಕೊಲೆಯನ್ನು ಕಂಡ ಮುನಿಗೆ ಅಲ್ಲಿ ಒಂದು ಗುಳಿಗೆಯನ್ನು ಕೊಡುತ್ತಿದ್ದರು, ರಾಮಾಯಣ ಹುಟ್ಟುತ್ತಿರಲಿಲ್ಲ.

ಪ್ರತಿಪಕ್ಷವನ್ನು ಹಕ್ಸ್ಲಿಯು ದುರ್ಬಲವಾಗಿ ನಿಲ್ಲಿಸಿಲ್ಲವೆಂಬುದು ಅವನ ಹಿರಿಮೆ. ಪಶ್ಚಿಮ ಯೂರೋಪಿನ ನಿಯಾಮಕನಾದ ಮುಸ್ತಫಾ ಮೊಂಡನು ಮೂರ್ಖನಲ್ಲ. ಷೇಕ್ಸ್‌ಪಿಯರನನ್ನೂ ಬೈಬಲನ್ನೂ ಬಲ್ಲವನು, ಒಂದು ಕಾಲದಲ್ಲಿ ಭೌತವಿಜ್ಞಾನಿ. ಯುದ್ಧ, ಹಸಿವು, ಮುಪ್ಪಿನ ಯಾತನೆ ಇವುಗಳನ್ನು ನೀಗಿಸಿದ ರಾಜ್ಯಕ್ಕೆ ಬೆಲೆ ತೆರಬೇಡವೆ ಎಂಬುದು ಅವನ ಪ್ರಶ್ನೆ. ಸೈಪ್ರಸ್ ದ್ವೀಪದಲ್ಲಿ 22,000 ಮಂದಿ ಬುದ್ಧಿವಂತರಾದ ಆಲ್ಫಾಗಳನ್ನೇ ನೆಲೆಗೊಳಿಸಿದಾಗ, ಅವರಲ್ಲಿ 19,000 ಮಂದಿ ಅಂತಃಕಲಹದಲ್ಲಿ ಸತ್ತು, ಉಳಿದವರು ಮರಳಿ ಆಳಿರೆಂದು ಬೇಡಿಕೊಂಡರೆಂದು ದೃಷ್ಟಾಂತವನ್ನೂ ಕೊಡುತ್ತಾನೆ. ವಾದ ಚಮತ್ಕಾರದ್ದು, ಹೇತು ಮಾತ್ರ ದುಷ್ಟ. ಆ ಆಲ್ಫಾಗಳೂ ಸೀಸೆಯಲ್ಲಿ ಬೆಳೆದವರೇ. ಕೀಳು ಕೆಲಸಕ್ಕೆ ಹೇಸುವಂತೆ ಪಳಗಿಸಲ್ಪಟ್ಟವರು ಉಳಲು ನಿರಾಕರಿಸಿದರೆ, ಅದರಿಂದ ಪಳಗಿಸಿದವರ ದೋಷ ಸಿದ್ಧವಾಗುವುದೇ ಹೊರತು ಸ್ವಾತಂತ್ರ್ಯದ ದೋಷವಲ್ಲ.

ಮೊಂಡನ ನಿಜವಾದ ಭಯ ಬೇರೊಂದು ಸಣ್ಣ ಪ್ರಸಂಗದಲ್ಲಿ ಹೊರಬೀಳುತ್ತದೆ. ಜೀವಶಾಸ್ತ್ರವನ್ನು ಕುರಿತ ಒಂದು ಹೊಸ ಪ್ರಬಂಧ ಅವನ ಮೇಜಿಗೆ ಬರುತ್ತದೆ. ಗಣಿತದ ಜಾಣ್ಮೆಯನ್ನು ಮೆಚ್ಚಿಕೊಂಡೇ, ಪ್ರಕಟಿಸಕೂಡದೆಂದು ಅವನು ಬರೆಯುತ್ತಾನೆ. ಬಾಳಿನ ಗುರಿ ಸುಖವಲ್ಲ, ಅರಿವಿನ ವಿಸ್ತಾರವೆಂದು ಓದಿದವರಿಗೆ ತೋರಿಬಿಡಬಹುದು. ಅದು ನಿಜವಿದ್ದರೂ ಇರಬಹುದು! ಹೀಗೆ ಯೋಚಿಸಿ ನಿಟ್ಟುಸಿರಿಡುವವನು ಸತ್ಯವನ್ನು ಅರಿಯದವನಲ್ಲ. ಅರಿತು ಪೆಟ್ಟಿಗೆಯಲ್ಲಿ ಬೀಗಹಾಕಿದವನು. ಜಾರ್ಜ್ ಆರ್ವೆಲ್ಲನ 1949ರ ಕಾದಂಬರಿ ‘ನೈನ್ಟೀನ್ ಎಯ್ಟಿಫೋರ್’ನಲ್ಲಿ ಸತ್ಯವನ್ನು ಚಿತ್ರಹಿಂಸೆಯಿಂದ ಕೊಲ್ಲುತ್ತಾರೆ. ಇಲ್ಲಿ ಕೊಲ್ಲುವ ಆವಶ್ಯಕತೆಯೇ ಇಲ್ಲ, ಕೇಳುವವರಿಲ್ಲ. ಪ್ರೇಯಸ್ಸನ್ನು ತೋರಿಸಿದ ಯಮನಿಗೆ ನಚಿಕೇತನು ಮರುಮಾತಾಡಿದನು. ಈ ಯಮನ ಬಳಿಯಲ್ಲಿ ನಚಿಕೇತರು ಹುಟ್ಟದಂತೆ ಮೊದಲೇ ಏರ್ಪಾಡಾಗಿದೆ.

ಜಾನನು ನಚಿಕೇತನಾಗುವನೇ? ಆಗಲಿಲ್ಲವೆಂದು ಖೇದದಿಂದ ಹೇಳಬೇಕು. ದುಃಖಪಡುವ ಹಕ್ಕು ತನಗೆ ಬೇಕೆಂದು ಅವನು ಮೊಂಡನ ಎದುರಿಗೆ ಹೇಳುವುದು ಧೀರವಾದ ಮಾತು. ಆದರೆ ಅವನಿಗೆ ಬೇಕಾಗಿದ್ದುದು ದುಃಖವಲ್ಲ, ತನ್ನ ಬಾಳು ತನ್ನದಾಗಬೇಕೆಂಬುದು. ಎರಡನ್ನೂ ಒಂದೆಂದು ಭ್ರಮಿಸಿ, ದೀಪಸ್ತಂಭವೊಂದರಲ್ಲಿ ಏಕಾಕಿಯಾಗಿ ನೆಲಸಿ ತನ್ನನ್ನು ತಾನೇ ಕೊರಡೆಯಿಂದ ಹೊಡೆದುಕೊಂಡು, ನೋಡಲು ನೆರೆದ ಜನಜಂಗುಳಿಗೆ ವಿನೋದವಾಗಿ, ಕಡೆಗೆ ನೇಣಿಗೆ ಶರಣಾಗುತ್ತಾನೆ. ತಪಸ್ಸಿಗೂ ಆತ್ಮಹಿಂಸೆಗೂ ಇರುವ ಅಂತರವನ್ನು ಅವನಿಗೆ ಕಲಿಸಿದವರಿಲ್ಲ. ಹುಚ್ಚು ಅಥವಾ ಕಾಡುಬಾಳು ಎಂಬ ಎರಡೇ ದಾರಿಗಳನ್ನು ಅವನ ಮುಂದಿಟ್ಟದ್ದು ಕೃತಿಯ ದೋಷವೆಂದು ಹಕ್ಸ್ಲಿಯು 1946ರ ಮುನ್ನುಡಿಯಲ್ಲಿ ತಾನಾಗಿಯೇ ಒಪ್ಪಿಕೊಂಡನು. ಮೂರನೆಯ ದಾರಿಯನ್ನು 1962ರಲ್ಲಿ ‘ಐಲೆಂಡ್’ ಎಂಬ ಕಾದಂಬರಿಯಲ್ಲಿ ಚಿತ್ರಿಸಿದನು. ಅಲ್ಲಿನ ಔಷಧಕ್ಕೂ ಸಂಸ್ಕೃತದ್ದೇ ಹೆಸರು: ಮೋಕ್ಷ. ಆದರೆ ಆ ಪುಸ್ತಕದಲ್ಲಿ ಉಪದೇಶ ಹೆಚ್ಚಿ ಕಥೆ ಸೊರಗಿದೆ. ಮೋಕ್ಷಕ್ಕೂ ಔಷಧ ಬೇಕಾಯಿತೆ ಎಂದು ಹಳೆಯ ಕಾಲದವರು ಮುಗುಳ್ನಗಬಹುದು.

ಮೂರನೆಯ ದಾರಿಯ ಸುಳಿವು ಮೊದಲಿನ ಗ್ರಂಥದಲ್ಲಿಯೇ ಇದೆ. ಹಲವರು ಗಮನಿಸದೆ ದಾಟಿಹೋಗುತ್ತಾರೆ. ದ್ವೀಪಾಂತರವಾಸದ ಶಿಕ್ಷೆ ಬಂದಾಗ ಬರ್ನಾರ್ಡ್ ಮಾರ್ಕ್ಸನು ನಿಯಾಮಕನ ಕಾಲಿಗೆ ಬಿದ್ದು ಗೋಳಾಡುತ್ತಾನೆ. ಅವನ ವ್ಯಕ್ತಿತ್ವವೆಂಬುದು ಬರಿಯ ಅಸೂಯೆಯ ಇನ್ನೊಂದು ಹೆಸರಾಗಿತ್ತು. ಹೆಲ್ಮ್‌ಹೋಲ್ಟ್ಸನಾದರೋ ಬಿರುಗಾಳಿ ಹೆಚ್ಚಾದ ಕಡೆಯಲ್ಲಿ ಚೆನ್ನಾಗಿ ಬರೆಯಬಹುದೆಂದು ಫಾಕ್‌ಲೆಂಡ್ ದ್ವೀಪಗಳನ್ನು ತಾನೇ ಆರಿಸಿಕೊಂಡು, ಆ ಅಳುಬುರುಕ ಮಿತ್ರನ ಯೋಗಕ್ಷೇಮವನ್ನು ವಿಚಾರಿಸಲು ಎದ್ದುಹೋಗುತ್ತಾನೆ. ಹೊರಡುವ ಮೊದಲು ಇಬ್ಬರೂ ಜಾನನನ್ನು ಕಾಣಲು ಬರುತ್ತಾರೆ. ಬರ್ನಾರ್ಡನು ನಾಚಿಕೆಯಿಂದ ಕ್ಷಮೆ ಬೇಡುತ್ತಾನೆ. ಜಾನನು ಅವನ ಕೈಯನ್ನು ಹಿಡಿದುಕೊಳ್ಳುತ್ತಾನೆ. ಮೂವರೂ ಸುಮ್ಮನಾಗುತ್ತಾರೆ. ಅಗಲಿಕೆಯ ದುಃಖವು ಪರಸ್ಪರ ಪ್ರೀತಿಯ ಕುರುಹಾದುದರಿಂದ, ಆ ದುಃಖದಲ್ಲಿಯೇ ಅವರು ಸುಖಿಗಳಾಗಿದ್ದರೆಂದು ಹಕ್ಸ್ಲಿಯು ತಿಳಿಸಿ ಮುಂದೆ ಸಾಗುತ್ತಾನೆ. ಆ ಕೋಣೆಯಲ್ಲಿ ಯಾರೂ ಸೋಮವನ್ನು ಮುಟ್ಟಿರಲಿಲ್ಲ.