ಕಾಲನ್ನು ನೋಡುವ ಕಲೆ: ಜಪಾನಿ ಅನಿಮೇಷನ್ ರಸಿಕರಿಗೊಂದು ಕೈಪಿಡಿ

ಜಪಾನಿನ ಅನಿಮೇಷನ್ ಚಿತ್ರಗಳನ್ನು ಸವಿಯಲು ಹೊರಟ ಹೊಸ ಪ್ರೇಕ್ಷಕನು ಮೊದಲು ಬಿಡಬೇಕಾದ ಚಟವೆಂದರೆ ಪಾತ್ರಗಳ ಕಣ್ಣನ್ನೇ ನೋಡುತ್ತ ಕೂರುವುದು. ಆ ಅಗಲವಾದ, ಹೊಳೆಯುವ ಕಣ್ಣುಗಳ ಬಗ್ಗೆ ಎಲ್ಲ ಕಡೆಯೂ ಎಷ್ಟು ಬರೆದಾಗಿದೆಯೆಂದರೆ, ಅದೇ ಪಾತ್ರಗಳಿಗೆ ಕಾಲುಗಳೂ ಇವೆಯೆಂಬುದು, ಒಳ್ಳೆಯ ಚಿತ್ರಕಾರರು ಹೆಚ್ಚು ಬೆವರು ಸುರಿಸಿರುವುದು ಅವುಗಳ ಮೇಲೆಯೇ ಎಂಬುದು ಬಹುಮಂದಿಗೆ ಹೊಳೆದೇ ಇಲ್ಲ. ಭರತನ ನಾಟ್ಯಶಾಸ್ತ್ರವು ಅದ್ಭುತ ರಸಕ್ಕೆ ವಿಸ್ಮಯವನ್ನು ಸ್ಥಾಯಿಭಾವವೆಂದು, ಅಂದರೆ ಉಳಿದ ಭಾವಗಳು ಬಂದುಹೋಗುವಾಗಲೂ ಒಳಗೆ ನೆಲೆನಿಂತಿರುವ ಮೂಲಭಾವವೆಂದು ಹೇಳುತ್ತದೆ. ಆ ವಿಸ್ಮಯ ನೆಲೆ ನಿಲ್ಲಲು ನೆಲವೇ ಬೇಕು. ಹಯಾವೊ ಮಿಯಾಜಾಕಿ ಮತ್ತು ಇಸಾವೊ ತಕಾಹಾತಾ ಅವರ ಚಿತ್ರಗಳಲ್ಲಿ ಬಾಲ್ಯದ ಬೆರಗು ಹುಟ್ಟುವುದು ಮಗುವಿನ ಪಾದ ಆ ನೆಲಕ್ಕೆ ತಾಗುವ ಮತ್ತು ನೆಲವನ್ನು ಬಿಡುವ ಗಳಿಗೆಗಳಲ್ಲಿ.

ಪುಣೆಯ ವಿಮಾನ ನಗರದಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಲೋಹಗಾಂವ್ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡಿರುವ ಈ ಬಡಾವಣೆಗೆ ಹೆಸರು ಬಂದದ್ದೇ ವಿಮಾನಗಳಿಂದ. ವಾಯುಪಡೆಯ ಸುಖೋಯ್ ವಿಮಾನಗಳ ಅಬ್ಬರಕ್ಕೆ ಇಲ್ಲಿ ಮಾತು ಅರ್ಧಕ್ಕೆ ನಿಲ್ಲುವುದು ದಿನನಿತ್ಯದ ಸಂಗತಿ. ಸಿಂಬಯೋಸಿಸ್‌ನ ವಿನ್ಯಾಸ ಮತ್ತು ಮಾಧ್ಯಮ ವಿಭಾಗಗಳ ವಿದ್ಯಾರ್ಥಿಗಳು, ಖರಾಡಿಯ ಐಟಿ ಕಂಪನಿಗಳಿಗೆ ಕಲಬುರಗಿ, ವಿಜಯಪುರ, ಬೆಳಗಾವಿಗಳಿಂದ ಬಂದು ನೆಲೆಸಿದ ಕನ್ನಡ ಕುಟುಂಬಗಳು, ಮರಾಠಿ, ಹಿಂದಿ, ಇಂಗ್ಲಿಷ್‌ಗಳ ನಡುವೆ ಬೆಳೆಯುವ ಅವರ ಮಕ್ಕಳು, ಇವರೆಲ್ಲ ಸೇರಿದ ಈ ಪ್ರದೇಶದಲ್ಲಿ ಅನಿಮೆ, ಅಂದರೆ ಜಪಾನಿ ಅನಿಮೇಷನ್, ಈಗ ಫ್ಯಾಷನ್ ಆಗಿದೆ. ನಗರ ರಸ್ತೆಯ ಮಾಲ್‌ಗಳ ಮಲ್ಟಿಪ್ಲೆಕ್ಸ್‌ನಲ್ಲಿ ಕತ್ತಿವರಸೆಯ ಅನಿಮೆಗಳಿಗೆ ಸೀಟಿ, ಚಪ್ಪಾಳೆ, ಪರದೆಯ ಕಡೆಗೆ ಎತ್ತಿ ಹಿಡಿದ ಮೊಬೈಲುಗಳು. ಬೆಂಕಿ, ಮಿಂಚು, ರಕ್ತ ಚಿಮ್ಮಿದಾಗಲೆಲ್ಲ ಕೇಕೆ. ಅದೇ ಪ್ರೇಕ್ಷಕ ಮನೆಯಲ್ಲಿ ಮಿಯಾಜಾಕಿಯ ಟೊಟೊರೊ ಚಿತ್ರವನ್ನು ಹಾಕಿಕೊಂಡು ಇಪ್ಪತ್ತು ನಿಮಿಷಕ್ಕೆ ‘ಏನೂ ಆಗುವುದೇ ಇಲ್ಲ’ ಎಂದು ಗೊಣಗಿ ಫೋನಿಗೆ ಮರಳುತ್ತಾನೆ. ಇನ್ನು ಇದು ಕಾರ್ಟೂನ್, ಮಕ್ಕಳಿಗಷ್ಟೇ ಎಂದು ಮಗುವನ್ನು ಟಿವಿ ಮುಂದೆ ಕೂರಿಸಿ ಅಡುಗೆಮನೆಗೋ ಲ್ಯಾಪ್‌ಟಾಪಿಗೋ ಹೋಗುವ ತಂದೆತಾಯಿಯರದು ಬೇರೆ ಬಗೆಯ ಕುರುಡು. 2025ರ ಮಾರ್ಚ್‌ನಲ್ಲಿ ತಮ್ಮ ಮದುವೆಯ ಫೋಟೋಗಳನ್ನೆಲ್ಲ ಕೃತಕ ಬುದ್ಧಿಮತ್ತೆಯಿಂದ ಮಿಯಾಜಾಕಿಯ ಸ್ಟುಡಿಯೋದ ಹೆಸರಿನ ‘ಘಿಬ್ಲಿ ಶೈಲಿ’ಗೆ ತಿರುಗಿಸಿಕೊಂಡು ಹಂಚಿಕೊಂಡ ಜನಸ್ತೋಮದ ಬಗ್ಗೆ ಹೇಳುವುದೇ ಬೇಡ, ಕೆಂಪುಗೆನ್ನೆ, ಹಸಿರು ಹುಲ್ಲು, ಬಿಳಿ ಮೋಡ ಇವಿಷ್ಟೇ ಆ ಶೈಲಿಯೆಂದು ಅವರು ತಿಳಿದರು, ಮತ್ತು ಆ ಚಿತ್ರಗಳಲ್ಲಿ ಒಬ್ಬರೂ ನೆಲದ ಮೇಲೆ ನಿಂತಂತೆ ಕಾಣುತ್ತಿರಲಿಲ್ಲ.

ಕಾಲಿನ ಮಹತ್ವ ತಿಳಿಯಲು ಕಸುಬಿನ ಒಂದು ಸಂಗತಿಯನ್ನು ಅರಿತರೆ ಸಾಕು. ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮ್‌ಗಳು, ಅಂದರೆ 24 ಸ್ಥಿರಚಿತ್ರಗಳು. ಅನಿಮೇಷನ್‌ನಲ್ಲಿ ಹಿರಿಯ ಚಿತ್ರಕಾರ ಚಲನೆಯ ಮುಖ್ಯ ಭಂಗಿಗಳನ್ನು ಬರೆಯುತ್ತಾನೆ, ಕಿರಿಯರು ಅವುಗಳ ನಡುವಿನ ಚಿತ್ರಗಳನ್ನು ತುಂಬುತ್ತಾರೆ, ಖರ್ಚು ಉಳಿಸಲು ಒಂದೇ ಚಿತ್ರವನ್ನು ಎರಡು ಅಥವಾ ಮೂರು ಫ್ರೇಮ್‌ಗಳವರೆಗೆ ಹಿಡಿಯುವುದುಂಟು. 1963ರಲ್ಲಿ ಒಸಾಮು ತೆಜುಕಾ ‘ಆಸ್ಟ್ರೋ ಬಾಯ್’ ಧಾರಾವಾಹಿಯನ್ನು ಟಿವಿಗೆ ತಂದಾಗ ವಾರವಾರವೂ ಕಂತು ಮುಗಿಸಲು ಈ ಮಿತವ್ಯಯವನ್ನೇ ಪದ್ಧತಿಯಾಗಿಸಿದರು. ಮುಖ ನಿಶ್ಚಲವಾಗಿದ್ದು ತುಟಿ ಮಾತ್ರ ಆಡಿದರೂ ದೃಶ್ಯ ನಡೆಯುತ್ತದೆ. ಆದರೆ ನಡಿಗೆಯಲ್ಲಿ ಸೊಂಟ, ಮೊಣಕಾಲು, ಹಿಮ್ಮಡಿ, ಭುಜ ಎಲ್ಲವೂ ಏಕಕಾಲಕ್ಕೆ ಬದಲಾಗಬೇಕು, ದೇಹದ ಭಾರ ಒಂದು ಕಾಲಿಂದ ಇನ್ನೊಂದಕ್ಕೆ ಜಾರಬೇಕು. ಅದಕ್ಕಾಗಿಯೇ ಅಗ್ಗದ ಅನಿಮೆಯಲ್ಲಿ ಪಾತ್ರಗಳು ಎದೆಮಟ್ಟಕ್ಕೆ ಕತ್ತರಿಸಿಕೊಂಡು ಮಾತಾಡುತ್ತವೆ, ಅಥವಾ ನಿಂತಲ್ಲಿಂದಲೇ ಸಿಡಿದು ಹಾರುತ್ತವೆ. ಪರದೆಯ ಕೆಳಗಂಚಿನಲ್ಲಿ ಪಾದ ಕಂಡಿತೆಂದರೆ ಯಾರೋ ಶ್ರಮ ಪಟ್ಟಿದ್ದಾರೆಂದು ತಿಳಿಯಬೇಕು.

ಹಾರಾಟವೂ ಭಾರದ ಈ ನಿಯಮಕ್ಕೆ ಹೊರತಲ್ಲ. 1941ರಲ್ಲಿ ಹುಟ್ಟಿದ ಮಿಯಾಜಾಕಿಯ ಮನೆತನದ ಕಾರ್ಖಾನೆ ಯುದ್ಧಕಾಲದಲ್ಲಿ ಜೀರೋ ಯುದ್ಧವಿಮಾನಗಳಿಗೆ ಚುಕ್ಕಾಣಿಗಳನ್ನು ಮಾಡುತ್ತಿತ್ತು. 1985ರಲ್ಲಿ ಅವರು ತಕಾಹಾತಾ ಮತ್ತು ತೊಶಿಯೊ ಸುಜುಕಿಯವರೊಡನೆ ಕಟ್ಟಿದ ಸ್ಟುಡಿಯೋ ಘಿಬ್ಲಿಗೆ ಹೆಸರು ಬಂದದ್ದು ಇಟಲಿಯ ಒಂದು ವಿಮಾನದಿಂದ. ವಿಮಾನದ ಬಿಡಿಭಾಗಗಳ ನಡುವೆ ಬೆಳೆದವನಿಗೆ ಹಾರುವುದು ಮಂತ್ರವಲ್ಲ, ಭಾರದೊಂದಿಗೆ ನಡೆಸುವ ಚೌಕಾಸಿ. ‘ಕ್ಯಾಸಲ್ ಇನ್ ದ ಸ್ಕೈ’ (1986) ಚಿತ್ರದ ಆರಂಭದಲ್ಲಿ ಆಕಾಶದಿಂದ ಬೀಳುವ ಶೀತಾ ಎಂಬ ಹುಡುಗಿ ಕೊರಳ ಹರಳು ಹೊಳೆಯುತ್ತಿದ್ದಂತೆ ನಿಧಾನವಾಗಿ ತೇಲಿ ಇಳಿಯುತ್ತಾಳೆ, ಗಣಿಯ ಹುಡುಗ ಪಾಜು ಕೈಚಾಚಿ ಆಕೆಯನ್ನು ಹಿಡಿಯುತ್ತಾನೆ, ಅವಳಿಗೆ ತೂಕವೇ ಇಲ್ಲ. ಹರಳಿನ ಬೆಳಕು ಆರುತ್ತದೆ. ತಟ್ಟನೆ ಅವಳ ಭಾರವೆಲ್ಲ ಮರಳಿ ಬಂದು ಹುಡುಗನ ತೋಳು ಕೆಳಕ್ಕೆ ಜಗ್ಗುತ್ತದೆ, ಬೆನ್ನು ಬಾಗುತ್ತದೆ, ಅವಳೊಂದಿಗೆ ಅವನೂ ಉರುಳಿಬಿಡುತ್ತಾನೇನೋ ಎಂದು ನೋಡುವವರ ಅಂಗೈ ಬಿಗಿಯಾಗುತ್ತದೆ. ತೇಲುವಿಕೆ ಅದ್ಭುತವೆನಿಸುವುದು ಈ ಜಗ್ಗುವಿಕೆಯ ನಂತರ, ಹಿಂದಿರುಗಿ ನೆನೆದಾಗ. 1989ರ ‘ಕಿಕೀಸ್ ಡೆಲಿವರಿ ಸರ್ವಿಸ್’ನಲ್ಲಿ ಹದಿಮೂರರ ಮಾಟಗಾತಿ ಹುಡುಗಿ ಪೊರಕೆಯ ಮೇಲೆ ಊರು ಬಿಡುವಾಗ ಮೊದಲು ಅವಳ ಕಾಲಬುಡದ ಹುಲ್ಲು ಬಾಗುತ್ತದೆ, ಲಂಗ ಉಬ್ಬುತ್ತದೆ, ಆಮೇಲೆ ಅವಳು ಮೇಲೇಳುತ್ತಾಳೆ, ಎದ್ದವಳು ನೇರವಾಗಿ ಹೋಗದೆ ಮರದಿಂದ ಮರಕ್ಕೆ ಡಿಕ್ಕಿ ಹೊಡೆಯುತ್ತಾಳೆ, ಕೊಂಬೆಗಳಿಗೆ ಕಟ್ಟಿದ ಗಂಟೆಗಳು ಗಣಗಣ ಎನ್ನುತ್ತವೆ. ಸರಾಗವಾಗಿ ಹಾರುವ ಸೂಪರ್‌ಹೀರೋಗಳನ್ನು ಕಂಡು ಕೇಕೆ ಹಾಕುವವರಿಗೆ ಈ ಎಡವಟ್ಟು ಹಾರಾಟದ ರುಚಿ ಹತ್ತುವುದು ತಡ.

‘ಮೈ ನೇಬರ್ ಟೊಟೊರೊ’ (1988) ಚಿತ್ರಕ್ಕೆ ಬಂದರೆ ಕನ್ನಡ ಪ್ರೇಕ್ಷಕನಿಗೆ ಒಂದು ಅನುಕೂಲವಿದೆ, ಅವನು ಯಕ್ಷಗಾನ ಕಂಡವನಾಗಿದ್ದರೆ. ಬಣ್ಣದ ವೇಷದ ಒಡ್ಡೋಲಗದಲ್ಲಿ, ಅಂದರೆ ರಾಕ್ಷಸ ಪಾತ್ರದ ವಿಧ್ಯುಕ್ತ ಪ್ರವೇಶದಲ್ಲಿ, ಇಬ್ಬರು ಹಿಡಿದ ತೆರೆಯ ಹಿಂದೆ ವೇಷ ಕುಣಿಯುತ್ತದೆ. ಕಿರೀಟದ ತುದಿ, ಒಂದು ಕೈ, ತೆರೆಯಡಿಯ ಗೆಜ್ಜೆಗಾಲು ಹೀಗೆ ಚೂರುಚೂರಾಗಿ ತೋರಿ, ಚೆಂಡೆಯ ಬಿರುಸು ಏರಿದ ಬಳಿಕವೇ ಪೂರ್ಣ ದರ್ಶನ. ರಾತ್ರಿಯಿಡೀ ಬಯಲಾಟ ನೋಡಿ ಬೆಳೆದ ಹಳಬರು ಮಹಿಷಾಸುರನ ಪ್ರವೇಶದ ಬಗ್ಗೆ ಹೇಳುವಾಗಲೂ ನೆನಪಿಸಿಕೊಳ್ಳುವುದು ಮುಖಕ್ಕಿಂತ ಮೊದಲು ಆ ಹೆಜ್ಜೆಯ ಸದ್ದನ್ನು. ಮಿಯಾಜಾಕಿಯ ಬಸ್ ನಿಲ್ದಾಣದ ದೃಶ್ಯ ಇದೇ ವಿಧಾನದ್ದು, ಚೆಂಡೆಯ ಜಾಗದಲ್ಲಿ ಮಳೆಹನಿ. ಸಂಜೆಗತ್ತಲು, ಅಪ್ಪನ ಬಸ್ಸು ಬಂದಿಲ್ಲ, ಅಕ್ಕ ಸತ್ಸುಕಿಯ ಬೆನ್ನ ಮೇಲೆ ನಾಲ್ಕು ವರ್ಷದ ಮೇ ನಿದ್ದೆಹೋಗಿದ್ದಾಳೆ, ಕೊಡೆಯನ್ನು ಭುಜಕ್ಕೂ ಕತ್ತಿಗೂ ನಡುವೆ ಸಿಕ್ಕಿಸಿಕೊಂಡು ಅಕ್ಕ ನಿಂತಿದ್ದಾಳೆ. ಹತ್ತು ವರ್ಷದ ಹುಡುಗಿಯ ಬೆನ್ನಿಗೆ ಆ ಹೊರೆ ಎಷ್ಟು ಭಾರವೆಂಬುದು ಅವಳು ಸರಿಪಡಿಸಿಕೊಳ್ಳುವ ಹೆಜ್ಜೆಯಲ್ಲೇ ತಿಳಿಯುತ್ತದೆ. ಕೊಡೆಯ ಅಂಚಿನ ಕೆಳಗೆ ಅವಳಿಗೆ ಮೊದಲು ಕಾಣುವುದು ಪಕ್ಕದಲ್ಲಿ ಬಂದು ನಿಂತ ಎರಡು ರೋಮಭರಿತ, ಉಗುರುಳ್ಳ ಪಾದಗಳು ಮಾತ್ರ. ಆಮೇಲೆ ಮೆಲ್ಲಗೆ ಕೊಡೆ ಮೇಲಾಗುತ್ತದೆ. ಅಪ್ಪನಿಗೆಂದು ತಂದ ಕೊಡೆಯನ್ನು ಟೊಟೊರೊ ಎಂಬ ಆ ಪ್ರಾಣಿಗೆ ಕೊಟ್ಟಾಗ ಅದು ಹನಿಗಳ ಟಪಟಪಕ್ಕೆ ಕಣ್ಣರಳಿಸಿ, ಒಮ್ಮೆ ನೆಗೆದು ಧೊಪ್ಪನೆ ನೆಲಕ್ಕಿಳಿಯುತ್ತದೆ; ಆ ಹೊಡೆತಕ್ಕೆ ಸುತ್ತಲಿನ ಮರಗಳಲ್ಲಿ ತಂಗಿದ್ದ ನೀರೆಲ್ಲ ಒಮ್ಮೆಲೇ ಕೊಡೆಯ ಮೇಲೆ ಸುರಿಯುತ್ತದೆ. ದೇವತೆಯೋ ಮೃಗವೋ ಎಂದು ಹೇಳಲಾಗದ ಒಂದು ಜೀವಿ ಇದೆಯೆಂದು ನಂಬಿಸಿದ್ದು ಮಾತಲ್ಲ, ಆ ನೆಗೆತದ ತೂಕ. ಇದನ್ನು ‘ಏನೂ ಆಗುವುದೇ ಇಲ್ಲ’ ಎನ್ನುವವರಿಗೆ ಇನ್ನೇನು ಆಗಬೇಕಿತ್ತು?

2001ರ ‘ಸ್ಪಿರಿಟೆಡ್ ಅವೇ’ ಬರ್ಲಿನ್‌ನ ಚಿನ್ನದ ಕರಡಿಯನ್ನೂ 2003ರಲ್ಲಿ ಆಸ್ಕರನ್ನೂ ಪಡೆದ ಕಾರಣಕ್ಕೆ ಎಲ್ಲರೂ ನೋಡುತ್ತಾರೆ, ದೆವ್ವಗಳ ವೈವಿಧ್ಯವನ್ನು ಹೊಗಳುತ್ತಾರೆ. ನೋಡಬೇಕಾದದ್ದು ಮೆಟ್ಟಿಲು. ದೇವತೆಗಳ ಸ್ನಾನಗೃಹದ ಹೊರಗೋಡೆಗೆ ಅಂಟಿದ, ಕೈಗಂಬಿಯಿಲ್ಲದ ಕಡಿದಾದ ಮರದ ಮೆಟ್ಟಿಲನ್ನು ಹತ್ತು ವರ್ಷದ ಚಿಹಿರೊ ಇಳಿಯಬೇಕಾಗಿದೆ. ಅವಳು ಕುಳಿತು, ಒಂದು ಕಾಲನ್ನು ಮೊದಲು ಕೆಳಗಿಟ್ಟು, ಮೈಯನ್ನು ತೆವಳಿಸಿ, ಮತ್ತೆ ಕುಳಿತು ಇಳಿಯುತ್ತಾಳೆ. ಒಂದು ಹಲಗೆ ಮುರಿಯುತ್ತದೆ, ಆಮೇಲೆ ಓಟವೇ ಓಟ. ಕೆಳಗೆ ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ಹೊರುವ ಮಸಿಯುಂಡೆಗಳಲ್ಲೊಂದು ಹೊರೆಯಡಿ ಸಿಕ್ಕಿಬಿದ್ದಾಗ ಅವಳು ಆ ಕಲ್ಲಿದ್ದಲಿನ ತುಂಡನ್ನು ಎತ್ತುತ್ತಾಳೆ, ನೋಡಲು ಪುಟ್ಟದಾದ ಅದು ಅವಳನ್ನೇ ಬಗ್ಗಿಸುತ್ತದೆ, ತೊಡರುತ್ತ ಒಲೆಯವರೆಗೆ ಒಯ್ದು ಎಸೆಯುತ್ತಾಳೆ. ದೆವ್ವಗಳ ಲೋಕದಲ್ಲಿ ಅವಳು ಗಳಿಸುವ ಜಾಗ ಆ ಎತ್ತುವಿಕೆಯಿಂದ ಶುರುವಾಗುತ್ತದೆ. ಬಳಿಕ ಅದೇ ಮಸಿಯುಂಡೆಗಳು ಅವಳ ಶೂಗಳನ್ನು ಹೊತ್ತು ತಂದುಕೊಟ್ಟಾಗ ಅವಳು ಹಾಕಿಕೊಂಡು ತುದಿಗಾಲನ್ನು ನೆಲಕ್ಕೆ ಕುಟ್ಟಿಕೊಳ್ಳುತ್ತಾಳೆ. ಕಥೆಗೆ ಆ ಕುಟ್ಟುವಿಕೆ ಬೇಕಾಗಿರಲಿಲ್ಲ; ಸ್ಕೂಲಿಗೆ ಹೊರಡುವ ಯಾವುದೇ ಮಗುವನ್ನು ಬಾಗಿಲಲ್ಲಿ ನಿಂತು ನೋಡಿದವರಿಗೆ ಮಾತ್ರ ಹೊಳೆಯುವ ಸಂಗತಿ ಅದು.

ತಕಾಹಾತಾ ಸ್ವತಃ ಚಿತ್ರ ಬರೆಯುವವರಲ್ಲ, ಆದರೂ ಕಾಲನ್ನು ಅವರಷ್ಟು ಅರಿತವರು ವಿರಳ. 1974ರ ‘ಹೈದಿ’ ಧಾರಾವಾಹಿಗಾಗಿ ಅವರ ತಂಡ ಸ್ವಿಟ್ಜರ್ಲೆಂಡಿಗೆ ಹೋಗಿ ಬೆಟ್ಟ, ಮನೆಗಳನ್ನು ಕಣ್ಣಾರೆ ನೋಡಿ ಬಂದಿತ್ತು. 2013ರ ‘ದ ಟೇಲ್ ಆಫ್ ದ ಪ್ರಿನ್ಸೆಸ್ ಕಾಗುಯಾ’ದಲ್ಲಿ ಬಿದಿರಿನೊಳಗೆ ಸಿಕ್ಕ ಕೂಸು ಕಪ್ಪೆಯನ್ನು ಅನುಕರಿಸಿ ಕುಪ್ಪಳಿಸಿ, ಉರುಳಿ, ಕೊನೆಗೊಮ್ಮೆ ನಿಂತು ತೊದಲುಹೆಜ್ಜೆ ಇಡುತ್ತದೆ. ವರ್ಷಗಳ ಬಳಿಕ ಅದೇ ಹುಡುಗಿ ರಾಜಧಾನಿಯ ಅರಮನೆಯಂಥ ಮನೆಯಿಂದ ರೇಷ್ಮೆಯ ಪದರಗಳನ್ನು ಕಿತ್ತೆಸೆಯುತ್ತ ಓಡುವಾಗ ಜಲವರ್ಣದ ಸೌಮ್ಯ ಚಿತ್ರವೆಲ್ಲ ಚದುರಿ ಇದ್ದಿಲಿನ ಒರಟು ಗೀಚುಗಳಾಗುತ್ತದೆ, ಕಾಲು ಯಾವುದು ನೆಲ ಯಾವುದು ತಿಳಿಯದ ಹಾಗೆ. ಅನಿಮೇಷನ್‌ನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಓಟ ಇಲ್ಲವೆಂಬುದು ಈ ಕೈಪಿಡಿಯ ಖಚಿತ ಅಭಿಪ್ರಾಯ.

ಪ್ರಸ್ತುತ ಲೇಖಕನ ತಲೆಮಾರಿನ ಕನ್ನಡ ಮಕ್ಕಳು ಜಪಾನಿ ಅನಿಮೇಷನ್ ಎಂದು ತಿಳಿಯದೆಯೇ ಅದನ್ನು ಮೊದಲು ಕಂಡದ್ದು 1993ರಲ್ಲಿ, ದೂರದರ್ಶನದ ಭಾನುವಾರದ ಬೆಳಗಿನಲ್ಲಿ. ನಿಪ್ಪೋನ್ ಅನಿಮೇಷನ್ ಸಂಸ್ಥೆ 1989ರಲ್ಲಿ ತಯಾರಿಸಿದ ‘ಜಂಗಲ್ ಬುಕ್’ ಹಿಂದಿಯಲ್ಲಿ, ಗುಲ್ಜಾರ್ ಬರೆದ ಹಾಡಿನೊಂದಿಗೆ ಬರುತ್ತಿತ್ತು. ಹಿಂದಿ ಅರ್ಧಂಬರ್ಧ ತಿಳಿಯುತ್ತಿದ್ದ ಮಕ್ಕಳಿಗೆ ಮೋಗ್ಲಿಯ ಮಾತಿಗಿಂತ ಅವನು ಬರಿಗಾಲಲ್ಲಿ ಕೊಂಬೆ ಹಿಡಿದು ಜೀಕುವುದೇ ಕಥೆಯಾಗಿತ್ತು. ಮಾತು ತಿಳಿಯದಿದ್ದರೆ ಕಣ್ಣು ಚುರುಕಾಗುತ್ತದೆಂಬ ಪಾಠ ಲೇಖಕನಿಗೆ ಅಲ್ಲಿಂದ ಬಂದದ್ದು. ಮುಂದೆ ಟೊಟೊರೊವನ್ನು ಜಪಾನಿ ಭಾಷೆಯಲ್ಲೇ, ಅಡಿಬರಹವಿಲ್ಲದ ಪ್ರತಿಯಲ್ಲಿ ನೋಡಬೇಕಾಗಿ ಬಂದಾಗ ಪಾದಗಳು ಕಣ್ಣಿಗೆ ಬಿದ್ದದ್ದು ಆ ಕಾರಣಕ್ಕೇ. ಇಂಥವನ್ನು ಕನ್ನಡದಲ್ಲಿ ನೋಡುವ ದಾರಿಯೂ ಇರಲಿಲ್ಲ; ಕನ್ನಡ ಚಿತ್ರೋದ್ಯಮ ದಶಕಗಳ ಕಾಲ ಡಬ್ಬಿಂಗನ್ನು ದೂರವಿಟ್ಟಿತ್ತು, ಆ ತಡೆಯ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗ ಆದೇಶ ನೀಡಿದ್ದು 2015ರಲ್ಲಿ. 2009ರಲ್ಲಿ ಶುರುವಾದ ಚಿಂಟು ಟಿವಿ ಪುಟ್ಟ ಮಕ್ಕಳಿಗೆ ಕನ್ನಡದಲ್ಲಿ ಕಾರ್ಟೂನ್ ತೋರಿಸಿತಾದರೂ ಅದರಾಚೆಗೆ ಬಾಗಿಲು ಅಷ್ಟಾಗಿ ತೆರೆಯಲಿಲ್ಲ.

ಡಬ್ಬಿಂಗನ್ನು ದೂರವಿಟ್ಟದ್ದರ ಫಲ ಇಂದಿಗೂ ಕಾಣುತ್ತದೆ. ಯುಗೊ ಸಾಕೊ, ಕೊಇಚಿ ಸಸಾಕಿ ಮತ್ತು ಭಾರತದ ರಾಮ್ ಮೋಹನ್ ಸೇರಿ 1990ರ ದಶಕದ ಆರಂಭದಲ್ಲಿ ಮುಗಿಸಿದ, ವನರಾಜ್ ಭಾಟಿಯಾ ಸಂಗೀತದ ‘ರಾಮಾಯಣ: ದ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ 2025ರ ಜನವರಿ 24ರಂದು ಭಾರತದ ಚಿತ್ರಮಂದಿರಗಳಿಗೆ ಬಂದಾಗ ಹಿಂದಿ, ತಮಿಳು, ತೆಲುಗು, ಇಂಗ್ಲಿಷ್‌ಗಳಲ್ಲಿತ್ತು, ಕನ್ನಡದಲ್ಲಿರಲಿಲ್ಲ. ಆ ಚಿತ್ರಕ್ಕೆ ಹೋದವರಲ್ಲಿ ಹಲವರು ಭಕ್ತಿಗಾಗಿಯೂ ಇನ್ನು ಕೆಲವರು ಹಳೆಯ ಟಿವಿ ನೆನಪಿಗಾಗಿಯೂ ಹೋದರು, ಅದು ಅವರವರಿಗೆ ಬಿಟ್ಟದ್ದು. ರಸಿಕನು ಕಾಯಬೇಕಾದದ್ದು ಕುಂಭಕರ್ಣನಿಗೆ. ಅವನ ದೈತ್ಯ ದೇಹ ರಣರಂಗಕ್ಕೆ ಬಂದಾಗ ಪ್ರತಿ ಹೆಜ್ಜೆಗೂ ಬೇಕಾದ ಸಮಯವನ್ನು ಚಿತ್ರಕಾರರು ಕೊಟ್ಟಿದ್ದಾರೆ. ದೊಡ್ಡ ದೇಹ ನಿಧಾನವಾಗಿ ಚಲಿಸಬೇಕೆಂಬ ಸರಳ ಸತ್ಯವನ್ನು ಮರೆತ ಇಂದಿನ ಗ್ರಾಫಿಕ್ಸ್ ಪೌರಾಣಿಕಗಳ ರಾಕ್ಷಸರು ಅವನೆದುರು ಗಾಳಿ ತುಂಬಿದ ಬಲೂನುಗಳು.

ಉಳಿದ ನಿರ್ದೇಶಕರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಮಕೊತೊ ಶಿಂಕಾಯ್ ಅವರ ‘ವೆದರಿಂಗ್ ವಿತ್ ಯು’ ಅಭಿಮಾನಿಗಳ ಮನವಿಯ ಬಲದಿಂದ 2019ರಲ್ಲಿ ಭಾರತಕ್ಕೆ ಬಂತು, ‘ಸುಜುಮೆ’ 2023ರಲ್ಲಿ. ಮೋಡ, ಮಳೆ, ರೈಲ್ವೆ ಹಳಿಗಳ ಹೊಳಪು ಬೆರಗುಗೊಳಿಸುವುದು ನಿಜ, ಆದರೆ ಆ ಹೊಳಪಿನಲ್ಲಿ ಹದಿಹರೆಯದ ವಿರಹ ಹೆಚ್ಚು, ಬಾಲ್ಯ ಕಡಿಮೆ. ಮಮೊರು ಹೊಸೊದಾ ಅವರ ‘ಮಿರಾಯ್’ (2018) ನಾಲ್ಕು ವರ್ಷದ ಹುಡುಗನ ಹೊಟ್ಟೆಕಿಚ್ಚನ್ನು ಅಂದಾಜು ತಪ್ಪದೆ ಹಿಡಿದಿದೆ. ಅವನು ಸೈಕಲ್ ಕಲಿಯುವ ಭಾಗಕ್ಕಾಗಿಯಾದರೂ ನೋಡಬೇಕು. ಇಂಗ್ಲಿಷ್ ಡಬ್ಬಿಂಗ್ ಬೇಡ, ಜಪಾನಿ ಧ್ವನಿಯಿರಲಿ; ಮಕ್ಕಳಿಗೆ ಅಡಿಬರಹ ಓದಲು ಬಾರದಿದ್ದರೆ ದೊಡ್ಡವರು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಲಿ, ಹೇಳುವ ನೆಪದಲ್ಲಿ ತಾವೂ ನೋಡುತ್ತಾರೆ. ಘಿಬ್ಲಿಯ ಚಿತ್ರಗಳು 2020ರಿಂದ ನೆಟ್‌ಫ್ಲಿಕ್ಸ್‌ನಲ್ಲಿ ಇರುವುದರಿಂದ ವಿಮಾನ ನಗರದ ಯಾವ ಫ್ಲಾಟಿನಲ್ಲೂ ನೆಪ ಹೇಳುವಂತಿಲ್ಲ. ಮೊದಲು ಟೊಟೊರೊ, ಆಮೇಲೆ ಕಿಕಿ, ಚಿಹಿರೊ ಮೂರನೆಯದು, ಕಾಗುಯಾ ಎಲ್ಲಕ್ಕಿಂತ ಕೊನೆಗೆ. 1988ರಲ್ಲಿ ಟೊಟೊರೊದ ಜೊತೆಗೇ ಒಂದೇ ಟಿಕೆಟ್ಟಿಗೆ ತೆರೆಕಂಡ ತಕಾಹಾತಾ ಅವರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಅನ್ನು ಮಾತ್ರ ಆ ಕಾಲದ ಜಪಾನಿಯರಂತೆ ಅದೇ ದಿನ ನೋಡಬಾರದು. ಯುದ್ಧದಲ್ಲಿ ಹಸಿವಿನಿಂದ ಸಾಯುವ ಪುಟ್ಟ ತಂಗಿಯ ಆ ಕಥೆಯನ್ನು ಮಕ್ಕಳು ದೊಡ್ಡವರಾಗುವವರೆಗೆ ತೆಗೆದಿಟ್ಟಿರುವುದು ಮೇಲು.